ಬಂಗುಡೆ: ಸುಡಬೇಕಾ, ಹುರಿಯಬೇಕಾ, ಸಾರಿಗೆ ಹಾಕಬೇಕಾ?

ಬಂಗುಡೆಯ ಬಗ್ಗೆ ಜನರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಇದರಷ್ಟು ರುಚಿಯ ಮೀನು ಇನ್ನೊಂದಿಲ್ಲ. ಇನ್ನೊಂದು ಪಂಗಡ "ಅಯ್ಯೋ, ಸಿಕ್ಕಾಪಟ್ಟೆ ವಾಸನೆ" ಅಂತ ಮೂಗು ಮುಚ್ಚಿಕೊಳ್ಳುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ತಿಂದದ್ದು ಕೊಬ್ಬು ತುಂಬಿದ ತಾಜಾ ಮೀನು. ಇನ್ನೊಬ್ಬರ ತಟ್ಟೆಗೆ ಬಂದದ್ದು ಐಸ್ ಇಲ್ಲದೆ ಅರ್ಧ ದಿನ ಬಿದ್ದಿದ್ದ ಮೀನು. ಇಷ್ಟೊಂದು ವ್ಯತ್ಯಾಸ ಬೇರೆ ಮೀನುಗಳಲ್ಲಿ ಕಡಿಮೆ.

ಹಾಗಾಗಿ ಅಡುಗೆ ಮೊದಲೇ ನಿಶ್ಚಯ ಮಾಡಿಕೊಂಡು ಮೀನು ತರಲು ಹೋಗುವುದು ಬಂಗುಡೆಯ ಮಟ್ಟಿಗೆ ಉಲ್ಟಾ ಕೆಲಸ. ಮೊದಲು ಮೀನು ನೋಡಿ. ಕೊಬ್ಬು ಎಷ್ಟಿದೆ, ಹಿಡಿದು ಎಷ್ಟು ಹೊತ್ತಾಗಿರಬಹುದು, ಈ ಎರಡನ್ನು ಅಂದಾಜು ಮಾಡಿ. ಸುಡುವುದೋ ಹುರಿಯುವುದೋ ಅಂತ ಆಮೇಲೆ ಯೋಚಿಸಿದರೆ ಸಾಕು.

ಈ ರುಚಿ ಎಲ್ಲಿಂದ ಬಂತು

ಬಂಗುಡೆ ಸುಮ್ನೆ ಒಂದು ಕಡೆ ಇರುವ ಮೀನಲ್ಲ. ಹಗಲು ರಾತ್ರಿ ಈಜುತ್ತಲೇ ಇರುತ್ತದೆ. ಅಷ್ಟು ಈಜುವ ಸ್ನಾಯುವಿಗೆ ಆಮ್ಲಜನಕ ಜಾಸ್ತಿ ಬೇಕು. ಅದನ್ನು ಹಿಡಿದಿಟ್ಟುಕೊಳ್ಳುವುದು ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್. ಚರ್ಮ ಸುಲಿದು ನೋಡಿ, ಪಕ್ಕದ ಉದ್ದಕ್ಕೂ ಕಂದುಗೆಂಪು ಪಟ್ಟಿ ಕಾಣುತ್ತದೆ. ಸ್ವಲ್ಪ ಕಬ್ಬಿಣದಂಥ, ಮಾಂಸದಂಥ ಗಾಢ ರುಚಿ ಇರುವುದು ಅಲ್ಲೇ. ಬಂಗುಡೆ ಇಷ್ಟವಿಲ್ಲ ಅನ್ನುವವರು ಬಹಳ ಸಲ ಆ ಪಟ್ಟಿಯನ್ನೇ ದೂರುತ್ತಿರುತ್ತಾರೆ. ಅದನ್ನು ತೆಗೆದುಬಿಟ್ಟರೆ ರುಚಿ ಎಷ್ಟೋ ಸೌಮ್ಯವಾಗುತ್ತದೆ. ನನ್ನ ಮಟ್ಟಿಗೆ ಅದನ್ನು ತೆಗೆಯುವವರು ಬೇರೆ ಮೀನು ತಂದುಕೊಳ್ಳುವುದೇ ಮೇಲು.

ಎರಡನೆಯದು ಕೊಬ್ಬು. ಪಾಂಫ್ರೆಟ್‌ನಂಥ ಬಿಳಿ ಮೀನಿನ ಮಾಂಸ ತಿಳಿಯಾಗಿರುತ್ತದೆ. ಬಂಗುಡೆಯದು ಎಣ್ಣೆಯಂಶ ತುಂಬಿ ಮೆತ್ತಗೆ ಇರುತ್ತದೆ, ಬೆಂದಾಗ ಪದರ ಪದರವಾಗಿ ಬಿಡುತ್ತದೆ. ಹೊಟ್ಟೆಯ ಕಡೆ ಇನ್ನೂ ಜಾಸ್ತಿ. ಒಮೇಗಾ-3 ಬೇಕೆಂದು ಡಾಕ್ಟರುಗಳು ಈ ಮೀನಿನ ಹೆಸರು ಹೇಳುವುದು ಇದೇ ಕೊಬ್ಬಿನಿಂದಾಗಿ. ಬೇಗ ಕಮಟಾಗುವುದೂ ಇದೇ ಕೊಬ್ಬು, ಗಾಳಿ ತಾಗಿದರೆ ಕೆಡುತ್ತದೆ.

ಮೂರನೆಯದು ವಾಸನೆ. ಸಮುದ್ರದ ಮೀನು ಸತ್ತ ಮೇಲೆ ಅದರಲ್ಲಿ ಟ್ರೈಮೀಥೈಲಮೈನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ. ನಾವು ಮೀನು ವಾಸನೆ ಅನ್ನುವುದರಲ್ಲಿ ದೊಡ್ಡ ಪಾಲು ಅದರದು. ಅದಕ್ಕೆ ಹುಳಿ ಸೇರಿದರೆ ಗಾಳಿಗೆ ಹಾರದೆ ಅಲ್ಲೇ ಉಳಿಯುತ್ತದೆ, ಮೂಗಿಗೆ ತಾಗುವುದಿಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಈ ಮೀನು ತಿಂದರೂ ಪಕ್ಕದಲ್ಲಿ ಒಂದು ಹುಳಿ ಇರುವುದು ಸುಮ್ನೆ ಅಲ್ಲ. ಜಪಾನಿನಲ್ಲಿ ವಿನೆಗರ್, ಟರ್ಕಿಯಲ್ಲಿ ನಿಂಬೆ, ಕೇರಳದಲ್ಲಿ ಕುಡಂಪುಳಿ, ಮಲೇಷ್ಯಾದಲ್ಲಿ ಹುಣಸೆ, ಇಂಗ್ಲೆಂಡಿನಲ್ಲಿ ಗೂಸ್‌ಬೆರಿ ಎಂಬ ಹುಳಿ ಹಣ್ಣಿನ ಸಾಸ್. ಇವರೆಲ್ಲ ಒಬ್ಬರನ್ನೊಬ್ಬರು ಕೇಳಿ ಮಾಡಿದ್ದಲ್ಲವಲ್ಲ.

ಯಾವ ಬಂಗುಡೆ?

ಹಿಂದೂ ಮಹಾಸಾಗರದ ಬಂಗುಡೆ (ರಾಸ್ಟ್ರೆಲ್ಲಿಗರ್ ಕನಗುರ್ಟಾ) ಸಾಮಾನ್ಯವಾಗಿ ಒಂದು ಗೇಣಿನಷ್ಟು ಉದ್ದ, 20ರಿಂದ 25 ಸೆಂಟಿಮೀಟರ್. ಉತ್ತರದ ತಂಪು ನೀರಿನ ಅಟ್ಲಾಂಟಿಕ್ ಬಂಗುಡೆ (ಸ್ಕಾಂಬರ್ ಸ್ಕಾಂಬ್ರಸ್) ಅದಕ್ಕಿಂತ ದೊಡ್ಡದು, ಬೆನ್ನಿನ ಮೇಲೆ ಅಲೆಯಂಥ ಕಪ್ಪು ಗೀರುಗಳಿರುತ್ತವೆ. ಫ್ರೋಜನ್ ಆಗಿ ನಾರ್ವೆಯಿಂದ ಬರುವುದು ಇದೇ. ಜಪಾನ್, ಕೊರಿಯಾಗಳಲ್ಲಿ ಹೆಚ್ಚು ನಡೆಯುವುದು ಚಬ್ ಬಂಗುಡೆ (ಸ್ಕಾಂಬರ್ ಜಪೋನಿಕಸ್).

ಅಡುಗೆಗೆ ಮುಖ್ಯವಾದ ವ್ಯತ್ಯಾಸ ಕೊಬ್ಬಿನದು. ಅಟ್ಲಾಂಟಿಕ್ ಬಂಗುಡೆ ಮೊಟ್ಟೆಯಿಟ್ಟ ಮೇಲೆ ಬಡಕಲಾಗಿರುತ್ತದೆ. ಬೇಸಿಗೆಯೆಲ್ಲ ತಿಂದು ಶರತ್ಕಾಲಕ್ಕೆ ಬರುವಾಗ ತೂಕದ ಕಾಲು ಭಾಗ ಕೊಬ್ಬೇ ಇರಬಹುದು. ಒಂದೇ ಜಾತಿ, ಒಂದೇ ಸಮುದ್ರ, ಆದರೂ ಎರಡು ಬೇರೆ ಮೀನು ತಿಂದ ಹಾಗೆ. ಜಪಾನಿನವರು ಶರತ್ಕಾಲದ ಬಂಗುಡೆಗೆ ಕಾಯುವುದು ಇದಕ್ಕೇ. ಬಿಸಿ ನೀರಿನ ನಮ್ಮ ಸಮುದ್ರದ ಬಂಗುಡೆಗೆ ಅಷ್ಟು ಕೊಬ್ಬು ಬರುವುದಿಲ್ಲ. ಅದರ ಮಾಂಸ ಸ್ವಲ್ಪ ಬಿಗಿ, ಸಿಹಿ ಸಿಹಿ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತೀರ್ಮಾನ ಮುಗಿದಂತೆ. ಕೊಬ್ಬಿನ ಮೀನಿಗೆ ಬೆಂಕಿ, ಉಪ್ಪು, ಹೊಗೆ. ಬಡಕಲು ಮೀನಿಗೆ ಎಣ್ಣೆ, ಮಸಾಲೆ, ಸಾರು.

ಅಂಜಲ್ ಕೂಡ ಇದೇ ಕುಟುಂಬದ್ದು. ಆದರೆ ದೊಡ್ಡ ಮೀನು, ತುಂಡು ಮಾಡಿ ಮಾರುತ್ತಾರೆ, ಮಾಂಸ ಗಟ್ಟಿ, ರುಚಿಯೂ ಸೌಮ್ಯ. ಬಂಗುಡೆಯ ಲೆಕ್ಕಾಚಾರ ಅದಕ್ಕೆ ಹೊಂದುವುದಿಲ್ಲ.

ತಾಜಾತನ, ಮತ್ತು ಒಂದು ನಿಜವಾದ ಎಚ್ಚರಿಕೆ

ತಲೆ ಹಿಡಿದು ಮೀನನ್ನು ಅಡ್ಡಡ್ಡ ಎತ್ತಿ. ಬಾಲ ಜೋತು ಬೀಳದೆ ಸೆಟೆದು ನಿಂತರೆ ತುಂಬ ತಾಜಾ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆನ್ನಿನ ನೀಲಿ ಹಸಿರು ಹೊಳೆಯುತ್ತಿರಬೇಕು. ಹೊಟ್ಟೆಯನ್ನು ಮಾತ್ರ ಒತ್ತಿ ನೋಡಲೇಬೇಕು. ಹೊಟ್ಟೆ ತುಂಬ ತಿಂದ ಹೊತ್ತಲ್ಲಿ ಸಿಕ್ಕ ಮೀನಿನ ಜೀರ್ಣರಸವೇ ಅದರ ಹೊಟ್ಟೆಯನ್ನು ಕರಗಿಸುತ್ತದೆ. ಹೊಟ್ಟೆ ಒಡೆದ ಬಂಗುಡೆಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತರಬೇಡಿ.

ಅಗ್ಗಕ್ಕೆ ಮರುಳಾಗಬೇಡಿ ಅನ್ನಲು ಇನ್ನೂ ಒಂದು ಕಾರಣವಿದೆ. ಈ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಮೀನು ಬೆಚ್ಚಗಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ಅಂಥ ಮೀನು ತಿಂದರೆ ಮುಖ ಕೆಂಪಾಗಿ, ತಲೆನೋವು, ತುರಿಕೆ, ಬಾಯಿ ಚುರುಚುರು ಶುರುವಾಗುತ್ತದೆ. ಅಲರ್ಜಿ ಅಂದುಕೊಳ್ಳುವವರೇ ಜಾಸ್ತಿ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ವಾಸನೆಯಿಂದಲೂ ಯಾವಾಗಲೂ ಗೊತ್ತಾಗುವುದಿಲ್ಲ. "ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹಿಡಿದ ಹೊತ್ತಿನಿಂದ ಒಲೆಗೆ ಹೋಗುವ ತನಕ 4 ಡಿಗ್ರಿಯ ಒಳಗೆ ತಣ್ಣಗಿರಬೇಕು, ಅಷ್ಟೇ. ಬಂಗುಡೆಯ ಈ ಅವಸರ ಹಳೆಯ ಕಾಲದವರಿಗೂ ಗೊತ್ತಿತ್ತು. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕಾನೂನು ಭಾನುವಾರದ ವ್ಯಾಪಾರದ ಕಟ್ಟುಪಾಡನ್ನು ಈ ಮೀನಿಗೆ ಸಡಿಲಿಸಿತ್ತು.

ಸುಡುವುದು

ಕೊಬ್ಬಿದೆ, ತಾಜಾ ಇದೆ ಅಂದರೆ ಬೇರೆ ಯೋಚನೆಯೇ ಬೇಡ. ಉಪ್ಪು ಹಚ್ಚಿ ಸುಡಿ.

ಕೆಲಸ ಸುಲಭ. ಅಟ್ಲಾಂಟಿಕ್ ಬಂಗುಡೆಗೆ ಪೊರೆ ತೆಗೆಯುವ ತಾಪತ್ರಯವೂ ಇಲ್ಲ, ಅಷ್ಟು ಸಣ್ಣ ಪೊರೆ. ಎರಡು ಸೀಳು ಮಾಡಿ, ಎರಡೂ ಕಡೆ ಉಪ್ಪು ಉದುರಿಸಿ, ಇಪ್ಪತ್ತು ಮೂವತ್ತು ನಿಮಿಷ ಬಿಡಿ. ಮೇಲೆ ನೀರು ಬಿಟ್ಟುಕೊಳ್ಳುತ್ತದೆ. ಅದನ್ನು ಒರೆಸಿ ತೆಗೆಯಬೇಕು, ವಾಸನೆಯ ಒಂದು ಪಾಲು ಆ ನೀರಿನ ಜೊತೆ ಹೋಗುತ್ತದೆ. ಚರ್ಮಕ್ಕೆ ಎರಡು ಮೂರು ಗೀಟು ಹಾಕಿ, ಇಲ್ಲದಿದ್ದರೆ ಸುರುಟಿಕೊಳ್ಳುತ್ತದೆ. ಚೆನ್ನಾಗಿ ಕಾದ ಗ್ರಿಲ್ಲಿಗೆ ಹಾಕಿದ ಮೇಲೆ ಮುಟ್ಟಬೇಡಿ. ಚರ್ಮ ಗರಿಗರಿಯಾದಾಗ ತಾನಾಗಿಯೇ ಕಂಬಿ ಬಿಟ್ಟುಕೊಡುತ್ತದೆ. ಮೊದಲೇ ಎಬ್ಬಿಸಲು ಹೋದರೆ ಚರ್ಮ ಕಂಬಿಗೆ, ಮಾಂಸ ಕೆಂಡಕ್ಕೆ. ಎಣ್ಣೆ ಹಚ್ಚುವ ಅಗತ್ಯವಿಲ್ಲ, ಮೀನಿನದೇ ಎಣ್ಣೆ ತೊಟ್ಟಿಕ್ಕುತ್ತದೆ. ಆ ಎಣ್ಣೆ ಕೆಂಡಕ್ಕೆ ಬಿದ್ದು ಏಳುವ ಹೊಗೆಯ ಪರಿಮಳಕ್ಕೆ ಯಾವ ಮಸಾಲೆಯೂ ಸಾಟಿಯಲ್ಲ.

ಜಪಾನಿನಲ್ಲಿ ಹೀಗೆ ಸುಟ್ಟ ಮೀನಿನ ಜೊತೆ ತುರಿದ ಮೂಲಂಗಿ ಕೊಡುತ್ತಾರೆ. ಮೂಲಂಗಿಯ ಖಾರ, ನೀರು ಎರಡೂ ಜಿಡ್ಡನ್ನು ತೊಳೆಯುತ್ತವೆ. ಇಸ್ತಾಂಬುಲ್‌ನ ಎಮಿನೋನುವಿನಲ್ಲಿ ಸುಟ್ಟ ಸೀಳನ್ನು ಹಸಿ ಈರುಳ್ಳಿ, ಸೊಪ್ಪು, ನಿಂಬೆಯ ಜೊತೆ ಬ್ರೆಡ್ಡಿನೊಳಗೆ ಇಟ್ಟು ಕೊಡುತ್ತಾರೆ. ಕೈಯಲ್ಲಿ ಹಿಡಿದು ನಿಂತುಕೊಂಡೇ ತಿನ್ನುವ ಊಟ. ಬಂಗುಡೆ ಮೊದಲ ಸಲ ತಿನ್ನುವವರಿಗೆ ನಾನು ಸೂಚಿಸುವುದು ಈ ರೀತಿಯನ್ನೇ. ಮುಳ್ಳಿಲ್ಲ, ಹುಳಿಯಿದೆ, ಬ್ರೆಡ್ ಜಿಡ್ಡು ಹೀರುತ್ತದೆ.

ಸುಡುವುದರ ತೊಂದರೆ ಒಂದೇ. ಮನೆಯೆಲ್ಲ ಹೊಗೆ, ವಾಸನೆ. ಫ್ಲ್ಯಾಟಿನಲ್ಲಿ ಇರುವವರಿಗೆ ಓವನ್ ಅಥವಾ ಏರ್ ಫ್ರೈಯರ್ ಪರವಾಗಿಲ್ಲ. ಹೊಗೆಯ ಪರಿಮಳ ಸಿಗುವುದಿಲ್ಲ, ಚರ್ಮ ಮಾತ್ರ ಗರಿಗರಿಯಾಗುತ್ತದೆ. ಇನ್ನೊಂದು ಮಾತು, ಬಡಕಲು ಮೀನನ್ನು ಸುಟ್ಟರೆ ನಾರು ನಾರಾಗುತ್ತದೆ. ಆಗ ಅದನ್ನು ತವಾಕ್ಕೆ ಹಾಕಿ.

ಹುರಿಯುವುದು

ಕೊಬ್ಬು ಕಡಿಮೆ ಇರುವ, ಗೇಣುದ್ದದ ಇಡೀ ಮೀನಿಗೆ ಇದು ಸರಿಯಾದ ದಾರಿ. ಮೀನಿನಲ್ಲಿ ಇಲ್ಲದ ಎಣ್ಣೆಯನ್ನು ನಾವು ಹೊರಗಿನಿಂದ ಕೊಡುತ್ತೇವೆ. ಬೆನ್ನಿನ ದಪ್ಪ ಭಾಗಕ್ಕೆ ಮುಳ್ಳು ತಾಗುವಷ್ಟು ಆಳವಾಗಿ ಗೀಟು ಹಾಕಿ, ಖಾರ, ಅರಿಶಿನ, ಉಪ್ಪು, ಹುಣಸೆ ರಸದ ಗಟ್ಟಿ ಮಸಾಲೆಯನ್ನು ಗೀಟಿನೊಳಗೆ ತುಂಬಿ. ಮಸಾಲೆ ನೀರಾಗಿದ್ದರೆ ತವಾಕ್ಕೆ ಅಂಟುತ್ತದೆ. ಉರಿ ಮಧ್ಯಮ ಇರಲಿ, ಮೆಣಸಿನ ಪುಡಿ ಸೀದರೆ ಕಹಿ. ಗೋವಾದ ರೆಶಾದ್‌ನಲ್ಲಿ ವಿನೆಗರಿನಲ್ಲಿ ಅರೆದ ಕೆಂಪು ಮಸಾಲೆಯನ್ನು ಮೀನಿನ ಹೊಟ್ಟೆಯೊಳಗೆ ತುಂಬಿ ಹುರಿಯುತ್ತಾರೆ. ಹುರಿಯುವ ಬಗೆಗಳಲ್ಲಿ ನನಗೆ ಅದೇ ಮೊದಲು. ಹುಳಿ ಒಳಗಿನಿಂದ ಬರುತ್ತದೆ, ಮೀನಿನ ರಸ ಮಸಾಲೆಗೆ ಇಳಿಯುತ್ತದೆ.

ನಾರ್ವೆಯ ಕೊಬ್ಬಿನ ಮೀನನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಎರಡನೇ ತುಂಡಿಗೇ ಸಾಕಾಗುತ್ತದೆ. ಅದನ್ನು ಒಣ ತವಾದಲ್ಲಿ ಚರ್ಮ ಕೆಳಗೆ ಮಾಡಿ ಇಡಿ, ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ.

ಮಸಾಲೆ ಹಾಕಿ ಹುರಿಯುವುದರಲ್ಲಿ ಒಂದು ಮೋಸವೂ ಇದೆ. ಎರಡು ದಿನ ಐಸಿನಲ್ಲಿದ್ದ ಮೀನನ್ನೂ ಮಸಾಲೆ ಮುಚ್ಚಿಹಾಕುತ್ತದೆ. ತಾಜಾ ಮೀನಿನ ಸಿಹಿಯನ್ನೂ ಹಾಗೆಯೇ ಮುಚ್ಚಿಹಾಕುತ್ತದೆ. ತಾಜಾ ಸಿಕ್ಕಿದ ದಿನ ಮಸಾಲೆ ಅರ್ಧ ಮಾಡಿ ನೋಡಿ.

ಹುಳಿ ಸಾರು

ಬಂಗುಡೆಯ ಗಾಢ ರುಚಿ ಮಸಾಲೆಗೆ ಸೋಲುವುದಿಲ್ಲ. ಬಿಳಿ ಮೀನನ್ನು ಖಾರದ ಸಾರಿಗೆ ಹಾಕಿದರೆ ಮೀನು ಎಲ್ಲಿ ಹೋಯಿತು ಅಂತ ಹುಡುಕಬೇಕು. ಬಂಗುಡೆ ಹಾಕಿದರೆ ಸಾರೇ ಮೀನಿನ ರುಚಿಗೆ ತಿರುಗುತ್ತದೆ. ತುಳುನಾಡಿನ ಪುಳಿಮುಂಚಿ, ಕೇರಳದ ಕೆಂಪು ಮೀನು ಸಾರು, ಮಲೇಷ್ಯಾದ ಅಸಾಂ ಪೆಡಸ್ ಮೂರರಲ್ಲೂ ಲೆಕ್ಕ ಒಂದೇ: ಹುಳಿ ಮುಂದೆ, ಖಾರ ಅದರ ಜೊತೆಗೆ.

ತೆಂಗಿನಕಾಯಿ ಬೇಕಾ ಬೇಡವಾ ಅನ್ನುವುದು ದೊಡ್ಡ ಜಗಳ. ನಾನು ಮೀನು ನೋಡಿ ಹೇಳುತ್ತೇನೆ. ಬಡಕಲು ಮೀನಿಗೆ ಕಾಯಿ ಹಾಕಿ, ಸಾರಿಗೆ ಮೈ ಬರುತ್ತದೆ. ಕೊಬ್ಬಿನ ಮೀನಿಗೆ ಬರೀ ಹುಳಿ ಖಾರ ಸಾಕು. ಕೊಬ್ಬಿನ ಮೇಲೆ ಕಾಯಿಹಾಲೂ ಸೇರಿದರೆ ನಾಲಿಗೆಗೆ ಮೇಣ ಸವರಿದ ಹಾಗಾಗುತ್ತದೆ.

ಸಾರು ಮೊದಲು ಚೆನ್ನಾಗಿ ಕುದಿಯಲಿ, ಹಸಿ ವಾಸನೆ ಹೋಗಲಿ. ಮೀನು ಕೊನೆಗೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಸೌಟು ಹಾಕಿ ತಿರುಗಿಸಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಆಮೇಲೆ ಬಿಡಿ, ಸುಮ್ನೆ ಬಿಡಿ. ಸುಟ್ಟ ಮೀನು ಬಿಸಿಬಿಸಿಯಾಗಿದ್ದಾಗ ಮಾತ್ರ ಚೆನ್ನ. ಸಾರಿನ ಮೀನು ಹಾಗಲ್ಲ, ಉಪ್ಪು ಹುಳಿ ಒಳಗಿಳಿಯಲು ಹೊತ್ತು ಬೇಕು. ನೆಂಟರು ಬರುವ ದಿನ, ಮೊದಲೇ ಮಾಡಿಡಬೇಕು ಅನ್ನುವಾಗ ಸಾರೇ ಸರಿ. ಆರಿದ ಮೇಲೆ ಫ್ರಿಜ್ಜಿಗೆ ಮಾತ್ರ ಹಾಕಿ.

ಖಾರ ತಿನ್ನದವರಿಗೆ ಜಪಾನಿನ ಮಿಸೊ ಸಾರು ಇದೆ. ಸೋಯಾ ಹುದುಗಿಸಿ ಮಾಡಿದ ಮಿಸೊ, ಶುಂಠಿ, ಸ್ವಲ್ಪ ಸಕ್ಕರೆಯಲ್ಲಿ ಮೀನು ಬೇಯಿಸುವುದು. ಹಾಕುವ ಮೊದಲು ತುಂಡುಗಳ ಮೇಲೆ ಬಿಸಿ ನೀರು ಸುರಿದು ತೊಳೆಯುತ್ತಾರೆ. ಮೇಲಿನ ರಕ್ತ, ಲೋಳೆ, ವಾಸನೆ ಅಲ್ಲಿಗೇ ಹೋಗುತ್ತದೆ. ಈ ಉಪಾಯ ಬೇರೆ ಸಾರಿಗೂ ನಡೆಯುತ್ತದೆ.

ಬೇಯಿಸದೆ ತಿನ್ನುವುದು

ಜಪಾನಿನ ಶಿಮೆ ಸಾಬಾ ಅಂದರೆ ಮೊದಲು ಉಪ್ಪಿನಲ್ಲಿ, ಆಮೇಲೆ ವಿನೆಗರಿನಲ್ಲಿ ಇಟ್ಟ ಬಂಗುಡೆ. ಹೊರಗೆ ಬಿಳಿಚಿಕೊಂಡು ಬಿಗಿಯಾಗಿರುತ್ತದೆ, ಒಳಗೆ ಕೆಂಪಗೆ ಬೆಣ್ಣೆಯಷ್ಟು ಮೆತ್ತಗೆ. ಹುಳಿ, ಉಪ್ಪು, ಕೊಬ್ಬು ಮೂರೂ ಒಂದೇ ತುತ್ತಿನಲ್ಲಿ. ಬಂಗುಡೆಯ ರುಚಿ ಪೂರ್ತಿ ತಿಳಿಯಬೇಕಾದರೆ ಇದೇ ಅನ್ನುವವರಿದ್ದಾರೆ, ಅವರ ಮಾತು ತೆಗೆದುಹಾಕುವಂಥದ್ದಲ್ಲ. ಕ್ಯೋಟೋ ಸಮುದ್ರದಿಂದ ದೂರ. ಹಿಂದೆ ವಕಾಸ ತೀರದಲ್ಲಿ ಮೀನಿಗೆ ಉಪ್ಪು ಹಚ್ಚಿ ಬೆಟ್ಟದ ದಾರಿಯಲ್ಲಿ ಹೊತ್ತು ತರುತ್ತಿದ್ದರು. ಸುಮಾರು 70 ಕಿಲೋಮೀಟರಿನ ಆ ದಾರಿಗೆ ಇಂದಿಗೂ ಬಂಗುಡೆ ದಾರಿ ಎಂದೇ ಹೆಸರು. ಊರು ಮುಟ್ಟುವ ಹೊತ್ತಿಗೆ ಉಪ್ಪು ಹದವಾಗಿ ಹಿಡಿದಿರುತ್ತಿತ್ತು. ಕ್ಯೋಟೋದ ಬಂಗುಡೆ ಸುಶಿ ಹುಟ್ಟಿದ್ದು ಹೀಗೆ.

ಆದರೆ ಮನೆಯಲ್ಲಿ ಮಾಡುವ ಆಸೆಯಿದ್ದರೆ ಗಮನವಿಟ್ಟು ಕೇಳಿ. ಈ ಮೀನಿನಲ್ಲಿ ಅನಿಸಾಕಿಸ್ ಎಂಬ ಸಣ್ಣ ಹುಳು ಇರಬಹುದು. ವಿನೆಗರಿಗೆ ಅದು ಸಾಯುವುದಿಲ್ಲ, ಮಾಮೂಲಿ ಉಪ್ಪಿಗೂ ಸಾಯುವುದಿಲ್ಲ. ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ಭಯಂಕರ ನೋವು. ಅದನ್ನು ಕೊಲ್ಲುವುದು ಕಾವು ಅಥವಾ ಗಟ್ಟಿ ಚಳಿ. ಮೀನಿನ ಒಳಭಾಗವೂ ಮೈನಸ್ 20 ಡಿಗ್ರಿಗೆ ಇಳಿದು 24 ಗಂಟೆ ಇರಬೇಕು ಅನ್ನುವುದು ಯುರೋಪಿನ ನಿಯಮ. ಅಮೆರಿಕದ ಆಹಾರ, ಔಷಧ ಇಲಾಖೆ ಎಫ್‌ಡಿಎ ಅದೇ ಚಳಿಯಲ್ಲಿ 7 ದಿನ ಅನ್ನುತ್ತದೆ. ಮನೆಯ ಫ್ರೀಜರ್ ಎಲ್ಲವೂ ಅಷ್ಟು ಚಳಿಗೆ ಹೋಗುವುದಿಲ್ಲ, ಹೋದರೂ ಬಾಗಿಲು ತೆಗೆದಾಗಲೆಲ್ಲ ಏರುತ್ತದೆ. ಹಸಿಯಾಗಿ ತಿನ್ನಲು ಅಂತಲೇ ತಯಾರಿಸಿದ ಮೀನು ಸಿಗದಿದ್ದರೆ ಈ ಬಗೆಯನ್ನು ಬಿಟ್ಟುಬಿಡಿ. ಬಿಟ್ಟರೆ ಏನೂ ನಷ್ಟವಿಲ್ಲ ಅಂತ ಹೇಳಲಾರೆ, ನಷ್ಟ ಇದೆ. ಆದರೂ ಬಿಡಿ.

ಹೊಗೆ ಹಾಕಿದ್ದು, ಡಬ್ಬಿಯದು, ಉಪ್ಪು ಹಾಕಿದ್ದು

ತಾಜಾ ಸಿಗುವುದೇ ಇಲ್ಲ ಅನ್ನುವವರ ಆಯ್ಕೆ ಇವು. ಹೊಗೆ ಹಾಕಿದ ಬಂಗುಡೆ ಬ್ರಿಟನ್, ನೆದರ್ಲೆಂಡ್ಸ್ ಕಡೆ ಜಾಸ್ತಿ. ಬಿಸಿ ಹೊಗೆಯಲ್ಲೇ ಬೆಂದಿರುವುದರಿಂದ ಪ್ಯಾಕೆಟ್ ಒಡೆದು ಹಾಗೇ ತಿನ್ನಬಹುದು. ಕೊಬ್ಬಿಗೆ ಹೊಗೆ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಈ ಮೀನಿಗೆ ಹೇಳಿ ಮಾಡಿಸಿದ ವಿಧಾನ. ಗಟ್ಟಿ ಮೊಸರು, ನಿಂಬೆ, ಕಾಳುಮೆಣಸು ಹಾಕಿ ಕಿವುಚಿ ಬ್ರೆಡ್ಡಿಗೆ ಹಚ್ಚಿದರೆ ಐದು ನಿಮಿಷದ ತಿಂಡಿ. ಉಪ್ಪು ಮಾತ್ರ ಜಾಸ್ತಿ.

ಡಬ್ಬಿಯ ಮೀನಿಗೆ ಜನ ಮೂಗು ಮುರಿಯುತ್ತಾರೆ, ಅದು ನ್ಯಾಯವಲ್ಲ. ಡಬ್ಬಿಯೊಳಗೆ ಒತ್ತಡದಲ್ಲಿ ಬೆಂದು ಮುಳ್ಳು ಕೂಡ ಮೆತ್ತಗಾಗಿರುತ್ತದೆ. ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ ಸಿಗುತ್ತದೆ. ರುಚಿ ಸುಟ್ಟ ಮೀನಿನ ಹತ್ತಿರವೂ ಬರುವುದಿಲ್ಲ ನಿಜ. ಆದರೆ ಈರುಳ್ಳಿ, ಹಸಿಮೆಣಸು ಹಾಕಿ ಪಲ್ಯ ಮಾಡಲು, ಕಟ್ಲೆಟ್ ಮಾಡಲು ಇದಕ್ಕಿಂತ ಸುಲಭದ್ದಿಲ್ಲ. ಉಪ್ಪು ನೀರಿನದೋ, ಎಣ್ಣೆಯದೋ, ಟೊಮೆಟೊ ಸಾಸಿನದೋ? ಅಡುಗೆಗೆ ಉಪ್ಪು ನೀರಿನದು ತನ್ನಿ, ಆ ನೀರನ್ನೂ ಚೆಲ್ಲದೆ ಹಾಕಿ. ಟೊಮೆಟೊದ್ದು ಅನ್ನಕ್ಕೆ ಹಾಗೇ ಆಗುತ್ತದೆ. ಲೇಬಲ್ ಒಮ್ಮೆ ಓದಿ. ಬಂಗುಡೆಗೆ ಇಂಗ್ಲಿಷಿನಲ್ಲಿ ಮ್ಯಾಕರೆಲ್ ಅನ್ನುತ್ತಾರೆ, ಆದರೆ ಜ್ಯಾಕ್ ಮ್ಯಾಕರೆಲ್ ಎಂದಿದ್ದರೆ ಅದು ಬೇರೆ ಕುಟುಂಬದ ಮೀನು. ತಿನ್ನಲು ಅಡ್ಡಿಯಿಲ್ಲ, ರುಚಿ ಇಷ್ಟು ಗಾಢ ಇರುವುದಿಲ್ಲ.

ಕೊರಿಯಾದ ಅಂಡೊಂಗ್ ಸಮುದ್ರದಿಂದ ಒಳಗಿರುವ ಊರು. ಅಲ್ಲಿನ ಉಪ್ಪು ಬಂಗುಡೆ ದೇಶಕ್ಕೇ ಹೆಸರುವಾಸಿ. ಕಾರಣ ಕ್ಯೋಟೋದ್ದೇ: ಊರು ದೂರ, ಮೀನು ಕಾಯುವುದಿಲ್ಲ, ಉಪ್ಪು ಹಾಕಲೇಬೇಕು. ಅದನ್ನು ಸುಟ್ಟು, ಅನ್ನದ ಜೊತೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಥಾಯ್ಲೆಂಡಿನವರು ಸಣ್ಣ ಬಂಗುಡೆಯನ್ನು ಬುಟ್ಟಿಯಲ್ಲಿ ಬೇಯಿಸಿ ಮಾರುತ್ತಾರೆ. ಬುಟ್ಟಿಗೆ ಹಿಡಿಯಲೆಂದು ಕತ್ತು ಬಗ್ಗಿಸಿರುತ್ತಾರೆ. ಮನೆಗೆ ತಂದು ಹುರಿದು, ಸಿಗಡಿ ಪೇಸ್ಟಿನ ಖಾರದ ಚಟ್ನಿಯ ಜೊತೆ ತಿನ್ನುತ್ತಾರೆ.

ಯಾರಿಗೆ ಯಾವುದು

ವಾಸನೆಗೆ ಹೆದರುವವರಿಗೆ ಹುಳಿ ಸಾರು ಅಥವಾ ನಿಂಬೆ ಹಿಂಡಿದ ಬ್ರೆಡ್ಡು. ಮಕ್ಕಳಿಗೆ ಸೀಳಿ ಮುಳ್ಳು ತೆಗೆದ ತುಂಡು, ನಡುವಿನ ಸಾಲಿನಲ್ಲಿ ಸಣ್ಣ ಮುಳ್ಳು ಉಳಿದಿರುತ್ತವೆ, ಬೆರಳಾಡಿಸಿ ನೋಡಿ ಕೀಳಬೇಕು. ಬಿಪಿ ಇರುವವರು ಹೊಗೆಯದು, ಉಪ್ಪಿನದು ಎರಡನ್ನೂ ದೂರ ಇಡಲಿ. ಗೌಟ್ ಎಂಬ ಕೀಲುನೋವು ಇರುವವರಿಗೆ ಯಾವ ಬಗೆಯೂ ಅಷ್ಟು ಒಳ್ಳೆಯದಲ್ಲ, ಅದನ್ನು ಕೆರಳಿಸುವ ಪ್ಯೂರಿನ್ ಎಂಬ ವಸ್ತು ಈ ಮೀನಿನಲ್ಲಿ ಜಾಸ್ತಿ.

ಫ್ರೋಜನ್ ತಂದರೆ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ ರಾತ್ರಿಯಿಡೀ ಬಿಟ್ಟು ಕರಗಿಸಿ, ಹೊರಗಿಟ್ಟು ಕರಗಿಸಬೇಡಿ. ಮನೆಯ ಫ್ರೀಜರಿನಲ್ಲಿ ಎರಡು ಮೂರು ತಿಂಗಳು ದಾಟಿದರೆ ಕೊಬ್ಬು ಕಮಟಾಗಲು ಶುರು. ಅಂಥದ್ದನ್ನು ಸುಡುವ ಆಸೆ ಬಿಟ್ಟು ಹುಳಿ ಸಾರಿಗೆ ಹಾಕಿ.

ಬಸುರಿಯರು ಬಂಗುಡೆ ತಿನ್ನಬಹುದಾ ಅಂತ ಬಹಳ ಜನ ಕೇಳುತ್ತಾರೆ. ಪಾದರಸದ ಭಯ ಇರುವುದು ದೊಡ್ಡ ಮೀನುಗಳಲ್ಲಿ. ಎಫ್‌ಡಿಎ ಪಟ್ಟಿಯಲ್ಲಿ ಅಟ್ಲಾಂಟಿಕ್ ಬಂಗುಡೆ, ಚಬ್ ಬಂಗುಡೆ ಎರಡೂ ಅತ್ಯುತ್ತಮ ಆಯ್ಕೆಗಳ ಸಾಲಿನಲ್ಲಿವೆ. ಬೇಡವೇ ಬೇಡ ಅನ್ನುವ ಸಾಲಿನಲ್ಲಿರುವುದು ಕಿಂಗ್ ಮ್ಯಾಕರೆಲ್, ಅದು ಅಂಜಲ್‌ನ ಹತ್ತಿರದ ಜಾತಿಯ ಭಾರೀ ಮೀನು. ಬಂಗುಡೆ ತಿನ್ನಿ, ಪೂರ್ತಿ ಬೆಂದಿರಲಿ, ವಿನೆಗರಿನ ಹಸಿ ಮೀನು ಹೆರಿಗೆ ಆಗುವ ತನಕ ಬೇಡ.